ಬಿಸಿಯಾದರೆ ನಿಲ್ಲುವ ಎಂಜಿನ್

ಆ ಹುಡುಗ ಮೋಟಾರ್ ಸೈಕಲ್ ತಳ್ಳಿಕೊಂಡು ನಮ್ಮ ಶೆಡ್ಡಿಗೆ ಬಂದಾಗ ಬೆಳಗಿನ ಬಿಸಿಲು ಇನ್ನೂ ತಾಳೆಗರಿಯ ಬೇಲಿ ದಾಟಿರಲಿಲ್ಲ. ನಾನು ಬಾಗಿಲಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದೆ. ನನ್ನ ಗಂಡ ಪರಂಜೋತಿ ಒಳಗೆ ಯಾರದೋ ನೀರಿನ ಪಂಪು ಬಿಚ್ಚಿ ಹರವಿಕೊಂಡಿದ್ದರು.

"ಅಕ್ಕಾ, ಪರಂಜೋತಿ ಅಣ್ಣ ಇದ್ದಾರಾ?"

"ಇದ್ದಾರೆ. ಆದ್ರೆ ಜೋರಾಗಿ ಮಾತಾಡ್ಬೇಕು, ಕಿವಿ ಮಂದ."

ಹುಡುಗ ಚಪ್ಪಲಿಯನ್ನು ಹೊರಗೇ ಬಿಟ್ಟ. ರಿಪೇರಿ ಶೆಡ್ಡಿಗೆ ಬರುವವರು ಯಾರೂ ಚಪ್ಪಲಿ ಬಿಡುವುದಿಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದವನು ಅಂದುಕೊಂಡೆ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಲು ಅವನು ಬಗ್ಗಿದಾಗ ಅಂಗಿ ಮೇಲೆ ಸರಿಯಿತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪಿಸ್ತೂಲಿನ ಹಿಡಿ ಕಾಣಿಸಿತು. ನಾನು ತಲೆ ತಗ್ಗಿಸಿ ಸೊಪ್ಪು ನೋಡಿದೆ. ಅವನು ಯಾವ ಗುಂಪಿನ ಕಡೆಯವನು ಎಂದು ಯುದ್ಧದ ಆ ದಿನಗಳಲ್ಲಿ ಜಾಫ್ನಾದಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೆಸರು ಸೆಂದೂರನ್ ಎಂದು ಅವನೇ ಹೇಳಿದ.

ಸೊಸೈಟಿ ಅಂಗಡಿಯ ಮೇಲೆ ಶೆಲ್ ಬಿದ್ದ ದಿನ ನನ್ನ ಗಂಡ ಅಲ್ಲೇ ಸಾಲಿನಲ್ಲಿ ನಿಂತಿದ್ದರು. ಮೈಗೆ ಒಂದು ಗೀರೂ ಆಗಲಿಲ್ಲ, ಕಿವಿ ಮಾತ್ರ ಹೋಯಿತು. ಎಂಜಿನ್ ಕೆಲಸದವನಿಗೆ ಕಿವಿ ಹೋದರೆ ವೈದ್ಯನಿಗೆ ನಾಡಿ ಸಿಗದಂತೆ. ಒಂದಷ್ಟು ದಿನ ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಅದುರನ್ನು ಕೇಳಿಸಿಕೊಳ್ಳಲು ಹೆಣಗಿದರು. ಕೊನೆಗೆ ನನ್ನನ್ನು ಕೂರಿಸಿಕೊಂಡರು. ಯಾವ ಸದ್ದು ಎಲ್ಲಿಂದ, ಯಾಕೆ ಬರುತ್ತದೆ ಎಂದು ಕಲಿಸಿದರು. ಎಂಜಿನ್ ಓಡುವಾಗ ನಾನು ಅವರ ಹಿಂದೆ ನಿಂತು ಭುಜದ ಮೇಲೆ ಕೈ ಇಟ್ಟಿರುತ್ತಿದ್ದೆ. ಏಟು ತಪ್ಪಿದಾಗಲೆಲ್ಲ ಬೆರಳಿಂದ ತಟ್ಟುತ್ತಿದ್ದೆ. "ನನ್ನ ಕಿವಿಗೆ ಸೀರೆ ಉಡಿಸಿ ಇಟ್ಕೊಂಡಿದ್ದೀನಿ" ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಗಾಡಿ ಬ್ರಿಟಿಷರ ಕಾಲದ್ದು. ಒಂಟಿ ಸಿಲಿಂಡರು, ಭಾರೀ ದೇಹ. ಮೈಗೆಲ್ಲ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಬಣ್ಣ ಬಳಿದವನಿಗೆ ಆತುರವಿತ್ತೆಂದು ಕಾಣುತ್ತದೆ, ನಟ್ಟುಗಳ ಮೇಲೂ ಹರಿದಿತ್ತು. ನಂಬರ್ ಪ್ಲೇಟ್ ಇರಲಿಲ್ಲ.

"ಏನು ಕಾಯಿಲೆ?" ಎಂದರು ನನ್ನ ಗಂಡ.

"ತಣ್ಣಗಿದ್ದಾಗ ಚೆನ್ನಾಗಿ ಓಡುತ್ತೆ ಅಣ್ಣ. ಬಿಸಿಯಾದ್ರೆ ನಿಂತುಬಿಡುತ್ತೆ. ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತೆ."

"ಹಾಂ?"

ಅವನು ಕೂಗಿ ಹೇಳಿದ. ನನ್ನ ಗಂಡ ತಲೆಯಾಡಿಸಿ ಮೊದಲು ಟ್ಯಾಂಕಿನ ಮುಚ್ಚಳ ತೆಗೆದರು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ಬಣ್ಣದಿಂದ ಮುಚ್ಚಿಹೋಗಿತ್ತು.

"ಗಾಡಿಗೆ ಅಲಂಕಾರ ಮಾಡೋಕೆ ಹೋಗಿ ಮೂಗು ಮುಚ್ಚಿಬಿಟ್ಟಿದ್ದೀರಲ್ಲೋ! ಗಾಳಿ ಇಲ್ದೆ ಎಣ್ಣೆ ಇಳಿಯೋದು ಹೆಂಗೆ?"

ಹುಡುಗ ನಾಚಿಕೆಯಿಂದ ನಕ್ಕ. ನನ್ನ ಗಂಡ ಸೂಜಿಯಿಂದ ತೂತು ಬಿಡಿಸಿದರು. ಸೂಜಿ ಕೆರೆದ ಕಡೆ ಹಸಿರಿನ ಅಡಿಯಲ್ಲಿ ಕಡುಗೆಂಪು ಇಣುಕಿತು. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಪೆಟ್ರೋಲು ನಮ್ಮ ಕಡೆ ಬರುವುದು ನಿಂತು ವರ್ಷಗಳಾಗಿದ್ದವು. ಕಣ್ಣಿನ ಔಷಧದ ಬಾಟಲಿಯಿಂದ ಕಾರ್ಬ್ಯುರೇಟರಿಗೆ ಕೆಲವು ಹನಿ ಪೆಟ್ರೋಲು ಬಿಟ್ಟು ಒದೆಯುವುದು, ಎಂಜಿನ್ ಹಿಡಿದುಕೊಂಡ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ಎಲ್ಲರದೂ ಅದೇ ಪಾಡು. ಹುಡುಗ ಒದೆದ. ಎರಡನೇ ಒದೆತಕ್ಕೆ ಬಿಳಿ ಹೊಗೆ ಉಗುಳಿ ಗಾಡಿ ಎದ್ದಿತು.

ನಾನು ಕೈ ಒರೆಸಿಕೊಂಡು ಗಂಡನ ಭುಜ ಹಿಡಿದೆ. ಕಿವಿಗೊಟ್ಟೆ.

ನಾಲ್ಕು ಏಟು ಸರಿಯಾಗಿ ಬಿದ್ದವು. ಆಮೇಲೆ ಗಂಟಲಲ್ಲಿ ಅನ್ನದ ಅಗುಳು ಸಿಕ್ಕಿದವರ ಹಾಗೆ ಒಂದು ಸಣ್ಣ ತೊದಲು. ಮತ್ತೆ ಸರಿ, ಮತ್ತೆ ತೊದಲು. ವಾಲ್ವನ್ನು ಎತ್ತಿ ಇಳಿಸುವ ಕ್ಯಾಮ್ ಸವೆದು, ಹೊಸದು ಸಿಗದೆ, ಸಾಣೆಕಲ್ಲಿನಲ್ಲಿ ಕೈಯಿಂದಲೇ ಉಜ್ಜಿ ಆಕಾರಕ್ಕೆ ತಂದಿದ್ದ ಎಂಜಿನ್ನಿನ ತೊದಲು ಅದು. ಉಜ್ಜಿದ್ದು ನನ್ನ ಗಂಡ. ಗಾಡಿ ಚಿತ್ರವೇಲು ಮಾಸ್ತರರದು.

ಚಿತ್ರವೇಲು ಮಾಸ್ತರರ ಮನೆ ನಮ್ಮ ಓಣಿಯಲ್ಲೇ, ನಮ್ಮ ಬೇಲಿಗೆ ಅಂಟಿಕೊಂಡದ್ದು. ಮಳೆಗಾಲಕ್ಕೆ ಮೊದಲು ಅವರು ಇದೇ ಗಾಡಿ ಹತ್ತಿ ಕಿಳಾಲಿ ಕಡೆ ಹೊರಟಿದ್ದರು. ದೋಣಿಯಲ್ಲಿ ಗಾಡಿಯನ್ನೂ ಹಾಕಿಕೊಂಡು ಕಡಲ ಹಿನ್ನೀರು ದಾಟಿ, ಕಿಳಿನೊಚ್ಚಿಯಲ್ಲಿ ಕಾಯಿಲೆ ಬಿದ್ದಿದ್ದ ಅಕ್ಕನನ್ನು ನೋಡಿ ಬರುತ್ತೇನೆಂದು ಹೇಳಿ ಹೋದವರು ಅಲ್ಲಿಗೆ ಮುಟ್ಟಲಿಲ್ಲ. ಆ ವಾರ ನೌಕಾಪಡೆಯವರು ದೋಣಿಗಳ ಮೇಲೆ ಗುಂಡು ಹಾರಿಸಿದ್ದರು. ಮಾಸ್ತರರು ಗಾಡಿಯ ಸಮೇತ ಮುಳುಗಿದರು ಎಂದೇ ಊರು ತೀರ್ಮಾನಿಸಿತ್ತು. ಅವರ ಹೆಂಡತಿ ತಿಲಕವತಿ ಮಾತ್ರ ಕಿಳಾಲಿಗೆ ಹೋಗಿ ದೋಣಿಯವರನ್ನು ಒಬ್ಬೊಬ್ಬರನ್ನಾಗಿ ಕೇಳಿ ಬಂದಿದ್ದಳು. ಕೆಂಪು ಗಾಡಿಯ ಮೇಷ್ಟರನ್ನು ಕಂಡೆ ಎಂದವರು ಒಬ್ಬರೂ ಇರಲಿಲ್ಲ.

ಈಗ ಗಾಡಿ ಇಲ್ಲಿತ್ತು. ನೀರಿನ ಈಚೆ ದಡದಲ್ಲೇ ಇತ್ತು. ಹಾಗಾದರೆ ಮಾಸ್ತರರು ನೀರಿನವರೆಗೂ ಹೋಗಿರಲಿಲ್ಲ.

ನನ್ನ ಕೈ ಭುಜದ ಮೇಲೆ ಬಿಗಿಯಿತು. ಗಂಡ ತಿರುಗಿ ನೋಡಿದರು. "ಏನು? ಏಟು ತಪ್ತಿದೆಯಾ?"

ಏನು ಹೇಳಲಿ? ಅವರಿಗೆ ಕೇಳಿಸಬೇಕಾದರೆ ಕೂಗಬೇಕು. ಕೂಗಿದರೆ ಓಣಿಗೇ ಕೇಳುತ್ತದೆ. ಹುಡುಗ ಎರಡು ಮಾರು ದೂರದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲ, ಸರಿಯಾಗೇ ಇದೆ," ಎಂದೆ.

ಒಂದೇ ಸಮಾಧಾನವೆಂದರೆ ತಿಲಕವತಿ ಮನೆಯಲ್ಲಿರಲಿಲ್ಲ. ಸೀಮೆಎಣ್ಣೆ ಬರುತ್ತದೆಂದು ಬೆಳಗಾಗುತ್ತಲೇ ಸೊಸೈಟಿಗೆ ಹೋಗಿದ್ದಳು. ಎಂಜಿನ್ ಬಿಸಿಯಾಗುತ್ತ ಬಂತು. ಹುಡುಗ ಹೇಳಿದ ಹಾಗೇ, ಯಾರೋ ಬಾಯಿಗೆ ಕೈ ಅಡ್ಡ ಇಟ್ಟಂತೆ ಥಟ್ಟನೆ ನಿಂತಿತು. ನನ್ನ ಗಂಡ ಬಟ್ಟೆ ಸುತ್ತಿದ ಕೈಯಿಂದ ಸುಡುವ ಪ್ಲಗ್ಗನ್ನು ಬಿಚ್ಚಿ, ಎಂಜಿನ್ ತಲೆಯ ಮೇಲಿಟ್ಟು ಒದೆಯಲು ಹೇಳಿದರು. ಕಿಡಿ ಸತ್ತ ಹುಳುವಿನ ಕಣ್ಣಿನಂತೆ ಮಂಕಾಗಿತ್ತು.

"ಎಣ್ಣೆದಲ್ಲ, ಕಿಡಿದು ತೊಂದರೆ. ಕಿಡಿ ಹುಟ್ಟಿಸೋ ಮ್ಯಾಗ್ನೆಟೊ ಇಳಿಸಿ ನೋಡ್ಬೇಕು. ಅದಕ್ಕೆ ಪಕ್ಕದ ಕವರ್ ಬಿಚ್ಚಬೇಕು. ನೀನು ಹೋಗಿ ನಾಳೆ ಬಾ ತಮ್ಮಾ."

"ಇಲ್ಲೇ ಇರ್ತೀನಿ ಅಣ್ಣ. ಸಂಜೆಯೊಳಗೆ ಬೇಕು. ನಾನು ಹೇಳೋ ಮಾತಲ್ಲ, ನನಗೆ ಹೇಳಿ ಕಳಿಸಿರೋದು."

ನಾನು ಒಳಗೆ ಹೋಗಿ ಟೀ ಕಾಯಿಸಿದೆ. "ಸ್ವಲ್ಪ ಬನ್ನಿ ಇಲ್ಲಿ, ಡಬ್ಬಿ ಮುಚ್ಚಳ ಬರ್ತಿಲ್ಲ" ಎಂದು ಎರಡು ಸಲ ಕೂಗಿದೆ. ಗಂಡ ಬರಲಿಲ್ಲ, ಬದಲಿಗೆ ಹುಡುಗನೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಕೊಡಿ ಅಕ್ಕಾ, ನಾನು ತೆಗೀತೀನಿ." ಸಡಿಲವಾಗೇ ಇದ್ದ ಮುಚ್ಚಳವನ್ನು ತೆಗೆದು, ಡಬ್ಬಿಯನ್ನು ನನ್ನ ಕೈಗಿಟ್ಟು ಹೋದ. ಸುಳ್ಳು ಅವನಿಗೆ ತಿಳಿಯಿತೆಂದು ನನಗೆ ತಿಳಿಯಿತು.

ತಾಳೆಬೆಲ್ಲದ ಚೂರಿನೊಂದಿಗೆ ಕರಿ ಟೀ ತೆಗೆದುಕೊಂಡು ಹೋದಾಗ ನನ್ನ ಗಂಡ ಪಕ್ಕದ ಕವರನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಹೊರಗಡೆ ದಪ್ಪ ಹಸಿರು ಬಣ್ಣವಿತ್ತು. ಒಳಗಡೆ ಬಣ್ಣ ಬಳಿಯುವ ಕೈ ಹೋಗಿರಲಿಲ್ಲ. ಅಲ್ಲಿ ಹಿಂದೆ ಬಿಟ್ಟಿದ್ದ ಬಿರುಕಿಗೆ ಒಂದು ತಾಮ್ರದ ಪಟ್ಟಿ ಕೂರಿಸಿ ಮೊಳೆ ಬಡಿದಿದ್ದರು. ಕೊನೆಯ ಮೊಳೆ ಸೊಟ್ಟಗಿತ್ತು. ಅದನ್ನು ಬಡಿಯುವಾಗ ಹೆಲಿಕಾಪ್ಟರ್ ತಲೆಯ ಮೇಲೇ ಬಂದು ನನ್ನ ಗಂಡನ ಕೈ ಜಾರಿತ್ತು. ಸೊಟ್ಟ ಮೊಳೆಯನ್ನು ಕಿತ್ತು ಮತ್ತೆ ಹೊಡೆಯುತ್ತೇನೆಂದರೆ, ಪಕ್ಕದಲ್ಲೇ ಕೂತಿದ್ದ ಚಿತ್ರವೇಲು ಮಾಸ್ತರರು "ಬಿಡಯ್ಯಾ, ಒಳಗಿರೋದನ್ನ ಯಾರು ನೋಡ್ತಾರೆ" ಎಂದಿದ್ದರು.

ದರ್ಜಿಗೆ ತನ್ನ ಹೊಲಿಗೆ ಗುರುತು ಹತ್ತದೇ ಇರುತ್ತದೆಯೇ? ನನ್ನ ಗಂಡ ನಿಧಾನವಾಗಿ ತಲೆ ಎತ್ತಿ ನನ್ನನ್ನು ನೋಡಿದರು. ನಾನೂ ನೋಡಿದೆ. ಇಬ್ಬರಿಗೂ ಗೊತ್ತಾಯಿತು. ಅವರು ಕವರನ್ನು ಗೋಣಿಚೀಲದ ಮೇಲೆ ಬೋರಲು ಹಾಕಿದರು.

"ಏನಾಯ್ತು ಅಣ್ಣ?"

"ಏನಿಲ್ಲ. ಹಿಂದೆ ಯಾರೋ ಕೆಲಸ ಮಾಡಿದಾರೆ."

"ಕೆಲಸ ಹೆಂಗಿದೆ?"

"ಪರವಾಗಿಲ್ಲ. ಒಂದು ಮೊಳೆ ಸೊಟ್ಟ."

ಆಮೇಲೆ ಅವರು ಮ್ಯಾಗ್ನೆಟೊ ಇಳಿಸಿ ಬಿಚ್ಚಿದರು. ಕಿಡಿ ಹೊರಗೆ ಹರಿಯುವ ಉಂಗುರದಲ್ಲಿ ಕೂದಲೆಳೆಯಂಥ ಸೀಳು, ಸೀಳಿನ ತುಂಬ ಮಸಿ. ಬಿಸಿಯಾದಾಗ ಸೀಳು ಬಾಯಿ ಬಿಡುತ್ತದೆ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅದರೊಳಗಿಂದ ಮೈಗೆ ಸೋರಿಹೋಗುತ್ತದೆ. ಮಸಿಯನ್ನು ಕೆರೆದು, ತೊಳೆದು, ಅರಗಿನ ವಾರ್ನಿಷ್ ತುಂಬಬೇಕು. ಸಾಮಾನ್ಯವಾಗಿ ಇಂಥ ಕಾಯಿಲೆ ಸಿಕ್ಕರೆ ಅವರ ಮುಖ ಮಕ್ಕಳಂತೆ ಅರಳುತ್ತಿತ್ತು. ಅವತ್ತು ಅವರು ಆ ಉಂಗುರವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ತಿರುಗಿಸಿದರು. ಸೀಳನ್ನು ಹಾಗೇ ಬಿಟ್ಟು ಕಳಿಸಿದರೆ ಹುಡುಗ ದಾರಿಯಲ್ಲಿ ಎಲ್ಲೋ ಸಿಕ್ಕಿಬೀಳುತ್ತಾನೆ, ತಿರುಗಿ ಇಲ್ಲಿಗೇ ಬರುತ್ತಾನೆ, ಬಹುಶಃ ಒಬ್ಬನೇ ಬರುವುದಿಲ್ಲ. ಸರಿ ಮಾಡಿ ಕಳಿಸಿದರೆ ಮಾಸ್ತರರಿಂದ ಉಳಿದಿರುವ ಒಂದೇ ಒಂದು ಗುರುತು ಕಣ್ಣೆದುರೇ ಓಡಿಹೋಗುತ್ತದೆ. ಅವರ ಮನಸ್ಸಿನಲ್ಲಿ ಇದೇ ಓಡುತ್ತಿತ್ತೆಂದು ಆಮೇಲೆ ಹೇಳಿದರು. ಕೊನೆಗೆ ಕೆರೆಯಲು ಸಣ್ಣ ಚಾಕು ಎತ್ತಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಬೇಲಿಯಾಚೆ ತಿಲಕವತಿಯ ದನಿ ಕೇಳಿತು. "ಮಂಗೈ, ಇವತ್ತೂ ಸೀಮೆಎಣ್ಣೆ ಇಲ್ಲವಂತೆ! ಕಾಲು ನೋಯಿಸಿಕೊಂಡಿದ್ದೇ ಬಂತು!" ಎಂದು ಹೇಳಿಕೊಂಡೇ ತನ್ನ ಮನೆಗೆ ಹೋದಳು.

ಹುಡುಗ ಕೇಳಿದ, "ಯಾರಕ್ಕಾ ಅದು?"

"ಪಕ್ಕದ ಮನೆಯವಳು."

ಮ್ಯಾಗ್ನೆಟೊ ಮತ್ತೆ ಗಾಡಿಗೇರಿತು. ಇನ್ನು ಉಳಿದದ್ದು ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನೋಡುವುದು. "ಮಾನಿಪ್ಪಾಯ್ ರಸ್ತೆಗೆ ತಗೊಂಡು ಹೋಗಿ ಓಡ್ಸಿ ನೋಡಪ್ಪಾ, ಇಲ್ಲಿ ಹೊಗೆ," ಎಂದೆ. "ಇಲ್ಲೇ ನೋಡೋಣ ಅಕ್ಕಾ. ದಾರೀಲಿ ನಿಂತ್ರೆ ನನಗೆ ಕಷ್ಟ," ಎಂದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಬೇರೆ ಯಾರಿಗೋ ಅವನೂ ಹೆದರಿದ್ದ.

ನಾನು ಸೆರಗು ಸುತ್ತಿಕೊಂಡು ಬೇಲಿಯ ಸಂದಿಯಿಂದ ತಿಲಕವತಿಯ ಮನೆಗೆ ಓಡಿದೆ. ಅವಳು ಹಬೆಯಲ್ಲಿ ಬೇಯಿಸುವ ಪುಟ್ಟು ಮಾಡಲು ಹಿಟ್ಟು ಕಲಸುತ್ತಿದ್ದಳು. ಮಗಳು ಅಬಿರಾಮಿ ತೆಂಗಿನಕಾಯಿ ತುರಿಯುತ್ತಿದ್ದಳು.

"ತಿಲಕಾ, ಏಳು. ಅಬಿರಾಮೀನ ಕರ್ಕೊಂಡು ಕಂದಸ್ವಾಮಿ ಗುಡಿಗೆ ಹೋಗಿ ಬಾ."

"ಈ ಉರಿಬಿಸಿಲಲ್ಲಾ? ಗುಡಿ ಬಾಗಿಲೇ ಹಾಕಿರುತ್ತೆ. ನಿನಗೇನು ತಲೆ ಕೆಟ್ಟಿದೆಯೇನೆ?"

"ಹೇಳಿದ್ದು ಕೇಳು."

"ಯಾಕೆ ಅಟ್ಟುತಿದ್ದೀಯ ನನ್ನ?" ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಮಂಗೈ, ನಿನ್ನ ಮುಖ ಯಾಕೆ ಹಂಗಾಗಿದೆ?"

ಅಷ್ಟರಲ್ಲಿ ಎಂಜಿನ್ ಎದ್ದಿತು.

ನಾಲ್ಕು ಏಟು, ಒಂದು ತೊದಲು. ಹಿಟ್ಟಿನೊಳಗಿದ್ದ ಅವಳ ಕೈ ನಿಂತಿತು. ಅಬಿರಾಮಿ ತುರಿಯುವುದನ್ನು ಬಿಟ್ಟು "ಅಪ್ಪ!" ಎಂದು ಎದ್ದುಬಿಟ್ಟಳು. ತಿಲಕವತಿ ಹಿಟ್ಟು ಮೆತ್ತಿದ ಕೈಯಿಂದಲೇ ಮಗಳ ರಟ್ಟೆ ಹಿಡಿದು ಕೂರಿಸಿದಳು.

"ನೀನು ಇಲ್ಲೇ ಇರು. ಹೊರಗೆ ಕಾಲಿಟ್ರೆ ನೋಡು." ನನ್ನ ಕಡೆ ತಿರುಗಿದಳು. "ಓಡಿಸ್ತಿರೋದು ಅವರಲ್ಲ. ಹೌದಾ?"

"ಅವರಲ್ಲ."

ಅವಳು ಕೈ ತೊಳೆಯಲೂ ಇಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ. "ಅವನ ಸೊಂಟದಲ್ಲಿ ಪಿಸ್ತೂಲಿದೆ. ಮನೇಲಿ ಬೆಳೆದ ಹುಡುಗಿ ಇದಾಳೆ. ಗುರುತು ಸಿಗ್ಲಿಲ್ಲ ಅನ್ನೋ ಹಂಗೆ ಇದ್ದುಬಿಡು ತಿಲಕಾ, ನಿನ್ನ ಕಾಲು ಹಿಡೀತೀನಿ," ಎಂದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ನಡೆದಳು.

ನಮ್ಮ ಅಂಗಳದಲ್ಲಿ ಗಾಡಿ ಸ್ಟ್ಯಾಂಡಿನ ಮೇಲೆ ನಿಂತು ಓಡುತ್ತಿತ್ತು. ಎಂಜಿನ್ ಸುಡುತ್ತಿತ್ತು, ಆದರೂ ಏಟು ತಪ್ಪಿರಲಿಲ್ಲ. ನನ್ನ ಗಂಡ ತಿಲಕವತಿಯನ್ನು ಕಂಡು ಎದ್ದು ನಿಂತರು. ಅವಳು ಯಾರನ್ನೂ ನೋಡಲಿಲ್ಲ. ನೇರ ಹುಡುಗನ ಎದುರಿಗೆ ಹೋಗಿ ನಿಂತು, ಎಂಜಿನ್ ಸದ್ದಿನ ಮೇಲೆ ಕೂಗಿ ಕೇಳಿದಳು.

"ಈ ಗಾಡಿ ಓಡಿಸ್ತಿದ್ದವರು ಎಲ್ಲಿ?"

ಹುಡುಗ ಕೈ ಚಾಚಿ ಎಂಜಿನ್ ನಿಲ್ಲಿಸಿದ.

"ನನಗೆ ಕೊಟ್ಟಿರೋ ಗಾಡಿ ಅಕ್ಕಾ ಇದು. ಮೊದಲು ಯಾರದಾಗಿತ್ತು ಅಂತ ನಾವು ಕೇಳೋ ಹಾಗಿಲ್ಲ."

"ನೀನು ಕೇಳೋ ಹಾಗಿಲ್ಲದಿದ್ರೆ ನಾನು ಕೇಳ್ತೀನಿ. ನನ್ನ ಗಂಡನ ಹೆಸರು ಚಿತ್ರವೇಲು. ಹಿಂದೂ ಕಾಲೇಜಲ್ಲಿ ಲೆಕ್ಕದ ಮೇಷ್ಟ್ರು. ಎತ್ತರದ ಆಳು, ಎಡಗಣ್ಣಿನ ಹತ್ತಿರ ಮಚ್ಚೆ. ಇದಾರೋ ಇಲ್ವೋ, ಅಷ್ಟು ಕೇಳಿ ಬಂದು ಹೇಳು. ಯಾರು, ಯಾಕೆ, ಅದು ನನಗೆ ಬೇಡ."

ಹುಡುಗನ ಕೈ ಹ್ಯಾಂಡಲ್ ಮೇಲಿತ್ತು. ಬೆರಳುಗಳು ಬಿಗಿಯುವುದು, ಸಡಿಲವಾಗುವುದು ಕಾಣುತ್ತಿತ್ತು. ಅವನು ಅವಳ ಮುಖ ನೋಡಲಿಲ್ಲ. ಹಿಟ್ಟು ಮೆತ್ತಿದ ಅವಳ ಕೈಗಳನ್ನು ನೋಡುತ್ತಿದ್ದ.

"ಈ ಮಾತು ನೀವು ಕೇಳಿದ್ರಿ ಅಂತ ನಾನು ಮೇಲಿನವರಿಗೆ ಹೇಳ್ಬೇಕಾಗುತ್ತೆ ಅಕ್ಕಾ."

"ಹೇಳು."

ಅವನು ಚಪ್ಪಲಿ ಮೆಟ್ಟಿ, ಗಾಡಿ ಹತ್ತಿ ಹೋದ. ತೊದಲು ಮುಖ್ಯರಸ್ತೆ ಸೇರಿ ಕರಗುವವರೆಗೂ ತಿಲಕವತಿ ಅಲ್ಲೇ ನಿಂತಿದ್ದಳು. ನನ್ನ ಗಂಡ ಗೋಣಿಚೀಲದ ಮೇಲೆ ಕುಸಿದು ಕೂತು, "ಸರಿ ಮಾಡಬಾರದಿತ್ತೇನೋ," ಎಂದು ತಮ್ಮಷ್ಟಕ್ಕೆ ತಾವೇ ಜೋರಾಗಿ ಹೇಳಿಕೊಂಡರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಮರುದಿನವೇ ಅಬಿರಾಮಿಯನ್ನು ನನ್ನ ತಂಗಿಯ ಸೈಕಲ್ ಹಿಂದೆ ಕೂರಿಸಿ ತಂಗಿಯ ಊರು ಕೊಡಿಕಾಮಕ್ಕೆ ಕಳಿಸಿದೆವು. ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ! ಓಣಿಯ ತುದಿಯಲ್ಲಿ ನಾಯಿ ಬೊಗಳಿದರೂ ನಾನು ಬೇಲಿಯ ಸಂದಿಗೆ ಓಡುತ್ತಿದ್ದೆ. ಶೆಡ್ಡಿಗೆ ಗಿರಾಕಿಗಳು ಬರುವುದು ಕಡಿಮೆಯಾಯಿತು. ಯಾರೂ ಏನನ್ನೂ ಕೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಎದುರುಮನೆಯವರು ನಮ್ಮ ಕಡೆಯ ಕಿಟಕಿಯನ್ನು ಮುಚ್ಚಿದವರು ಮತ್ತೆ ತೆಗೆಯಲಿಲ್ಲ. ತಿಲಕವತಿ ಮಾತ್ರ ದಿನವೂ ಮುಂಬಾಗಿಲು ಹಾರುಹೊಡೆದು, ಹೊಸ್ತಿಲ ಬಳಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು.

ಹುಡುಗ ಮತ್ತೆ ಬಂದದ್ದು ಒಂದು ನಡುಮಧ್ಯಾಹ್ನ, ಸೈಕಲ್ ಮೇಲೆ. ಗಾಡಿ ಇರಲಿಲ್ಲ. ಬಲಗೈಯ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಬಂದಿದ್ದ. ಸೊಂಟದಲ್ಲಿ ಏನೂ ಇರಲಿಲ್ಲ. ನಮ್ಮ ಅಂಗಳಕ್ಕೆ ಬಂದು ಬಾವಿಕಟ್ಟೆಯ ಮೇಲೆ ಕೂತು, ತಿಲಕವತಿಯನ್ನು ಕರೆಯಲು ಹೇಳಿದ.

ಅವಳು ಬಂದು ನಿಂತಳು. ಅವನು ಎದ್ದು ನಿಂತ.

"ಇಲ್ಲ ಅಕ್ಕಾ. ಮಾಡ್ಬೇಕಾದ್ದೆಲ್ಲ ಮಾಡಿಬಿಡಿ."

ಅವಳು ಅಳಲಿಲ್ಲ. ಬಾವಿಯ ಹಗ್ಗವನ್ನು ಹಿಡಿದುಕೊಂಡಳು. "ಕೇಳಲ್ಲ ಅಂದಿದ್ದೆ. ಆದ್ರೂ ಕೇಳ್ತೀನಿ. ಅವರೇನು ಮಾಡಿದ್ರು?" ಎಂದಳು.

"ಅವರೇನೂ ಮಾಡಿರ್ಲಿಲ್ಲ. ದಾರೀಲಿ ಯಾರೋ ಒಬ್ಬ ಕೈ ತೋರಿಸಿದನಂತೆ, ಹಿಂದೆ ಕೂರಿಸ್ಕೊಂಡ್ರಂತೆ. ಆ ಮನುಷ್ಯನನ್ನ ಹಿಡಿಯೋಕೆ ನಮ್ಮವರು ಮುಂದೆ ಕಾಯ್ತಾ ಇದ್ರು. ಇಬ್ಬರನ್ನೂ ಒಟ್ಟಿಗೇ..."

"ಯಾರು ಕೈ ತೋರಿಸಿದ್ರೂ ನಿಲ್ಲಿಸೋರು," ಎಂದಳು ತಿಲಕವತಿ. "ಎಷ್ಟು ಸಲ ಬೈದಿದ್ದೀನಿ. ಕುಡುಕ ಸಿಕ್ರೂ ಕೂರಿಸ್ಕೊಂಡು ಬರೋರು." ಆಗ ಅವಳು ಹಗ್ಗ ಬಿಟ್ಟು ಕಟ್ಟೆಗೆ ಒರಗಿದಳು. ನಾನು ಹಿಡಿದುಕೊಂಡೆ.

ನನ್ನ ಗಂಡನಿಗೆ ಅರ್ಧವೂ ಕೇಳಿಸಿರಲಿಲ್ಲ, ಆದರೆ ಎಲ್ಲವೂ ಅರ್ಥವಾಗಿತ್ತು. ಅವರು ಹುಡುಗನ ಬಟ್ಟೆ ಸುತ್ತಿದ ಕೈಯನ್ನು ತಮ್ಮ ಅಂಗೈಯಲ್ಲಿ ಎತ್ತಿ ಹಿಡಿದು ನೋಡಿದರು. "ಕೇಳಿದ್ದಕ್ಕಾ?" ಎಂದರು. ಹುಡುಗ ಅವರ ಕಿವಿಯ ಹತ್ತಿರ ಬಾಯಿಟ್ಟು, ನಿಧಾನವಾಗಿ ಬಿಡಿಸಿ ಹೇಳಿದ.

"ಅಣ್ಣ, ಗಾಡಿ ರಿಪೇರಿ ಮಾಡಿದ್ದು ಯಾರು, ಗುರುತು ಹಿಡಿದಿದ್ದು ಯಾರು ಅಂತ ನನ್ನ ಕೇಳಿದ್ರು. ಇನ್ನೂ ಹೇಳಿಲ್ಲ. ಮತ್ತೆ ಕೇಳ್ತಾರೆ. ಆಗ ಹೇಳದೇ ಇರ್ತೀನಿ ಅಂತ ಮಾತು ಕೊಡೋಕೆ ನನ್ನ ಕೈಲಿ ಆಗಲ್ಲ. ನೀವೆಲ್ಲ ಇಲ್ಲಿರಬೇಡಿ."

"ನೀನೂ ಬಾ ನಮ್ ಜೊತೆ," ಎಂದರು ನನ್ನ ಗಂಡ.

ಅವನು ನಕ್ಕ. ಮೊದಲ ದಿನ ಬಣ್ಣದ ಮಾತಿಗೆ ನಕ್ಕಂಥದೇ ನಾಚಿಕೆಯ ನಗು. "ನಾನು ಹೋಗ್ಲೇಬೇಕು. ಇಲ್ದಿದ್ರೆ ಅಮ್ಮನ ಹತ್ರ ಹೋಗ್ತಾರೆ." ನಾನು ಕೊಟ್ಟ ನೀರು ಕುಡಿದು, ಸೈಕಲ್ ಹತ್ತಿ, ಬಂದ ದಾರಿಯಲ್ಲೇ ಹೋದ. ಅವನ ಊರು ಯಾವುದು, ತಾಯಿಯ ಹೆಸರೇನು, ಅದನ್ನೂ ನಾವು ಕೇಳಿಕೊಳ್ಳಲಿಲ್ಲ.

ಬಿಸಿಲಿಳಿಯುವ ಮೊದಲೇ ಹೊರಟೆವು. ಶೆಡ್ಡಿನ ಬಾಗಿಲಿಗೆ ಬೀಗ ಹಾಕಿದರೆ ಓಡಿಹೋದರೆಂದು ತಿಳಿಯುತ್ತದೆಂದು ಹಾಗೇ ಅರೆ ತೆರೆದು ಬಿಟ್ಟೆವು. ನನ್ನ ಗಂಡ ಸ್ಪ್ಯಾನರುಗಳನ್ನು ಅಕ್ಕಿಚೀಲದೊಳಗೆ ಇಟ್ಟುಕೊಂಡರು. ತಿಲಕವತಿ ಹಣೆಯ ಕುಂಕುಮ ಹಾಗೇ ಇಟ್ಟುಕೊಂಡೇ ನಡೆದಳು. ಅಳಿಸಿಕೊಂಡರೆ ದಾರಿಯಲ್ಲಿ ನಿಲ್ಲಿಸಿದವರು ಯಾವಾಗ, ಹೇಗೆ ಎಂದು ಕೇಳುತ್ತಾರೆ. ನಾವಟ್ಕುಳಿ ಸೇತುವೆಯ ಬಳಿ ಬಂದೂಕಿನವರು ನಿಜವಾಗಿಯೂ ನಿಲ್ಲಿಸಿದರು. ಎಲ್ಲಿಗೆ ಎಂದರು. ತಂಗಿಯ ಮಗಳು ದೊಡ್ಡವಳಾಗಿದ್ದಾಳೆ, ನೀರೆರೆಯುವ ಶಾಸ್ತ್ರಕ್ಕೆ ಎಂದೆ. ತಿಲಕವತಿ ತಲೆಯಾಡಿಸಿ ನಗುಮುಖ ಮಾಡಿದಳು. ಆ ನಗುಮುಖವನ್ನು ನಾನು ಇನ್ನೂ ಮರೆತಿಲ್ಲ.

ಕೊಡಿಕಾಮದಲ್ಲಿ ತಂಗಿಯ ತೆಂಗಿನತೋಟದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡೆವು. ಅಲ್ಲಿಗೆ ಮುಟ್ಟಿದ ಮೇಲೆಯೇ ತಿಲಕವತಿ ಮಗಳನ್ನು ತಬ್ಬಿಕೊಂಡು ಮನಸಾರೆ ಅತ್ತದ್ದು. ದೇಹವಿಲ್ಲದ ಕರ್ಮವನ್ನು ದರ್ಭೆಯ ಗೊಂಬೆ ಮಾಡಿ ಮುಗಿಸಿದರು. ಗಂಡುಮಕ್ಕಳಿಲ್ಲದ ಮಾಸ್ತರರಿಗೆ ಕೊಳ್ಳಿ ಇಟ್ಟದ್ದು ನನ್ನ ಗಂಡ. ಅವರು ಒಂದು ಮಾವಿನಮರದ ಕೆಳಗೆ ಮತ್ತೆ ಕೆಲಸ ಶುರುಮಾಡಿದರು, ನಾನು ಮತ್ತೆ ಅವರ ಹಿಂದೆ ನಿಂತೆ. ನಮ್ಮೂರು ಇಣುವಿಲಿನಿಂದ ಬಂದವರೊಬ್ಬರು ಹೇಳಿದರು, ನಾವು ಬಿಟ್ಟ ಮೂರನೆಯ ದಿನ ಯಾರೋ ಬಂದು ಶೆಡ್ಡನ್ನೆಲ್ಲ ತಡಕಾಡಿದರಂತೆ, ಎದುರುಮನೆಯವರನ್ನು ನಮ್ಮ ವಿಷಯ ಕೇಳಿದರಂತೆ. ಅವರು ಗೊತ್ತಿಲ್ಲ ಎಂದರಂತೆ. ಬಂದವರಲ್ಲಿ ಕೈಗೆ ಬಟ್ಟೆ ಸುತ್ತಿದ ಹುಡುಗನೊಬ್ಬ ಇದ್ದನೇ ಎಂದು ನಾನು ಕೇಳಿದೆ. ಅಂಥವನು ಯಾರೂ ಇರಲಿಲ್ಲವಂತೆ.